ಬೆಟ್ಟದ ಗೌರಿ ಮತ್ತು ಕ್ಯಾತಣ್ಣನ ಮೇಕೆಗಳು

ಈಚೆಗೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಕುಡುಗೋಲು ಇರುತ್ತದೆ. ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಆಧಾರ್ ಕಾರ್ಡು, ಇವುಗಳ ಜೊತೆಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಕುಡುಗೋಲು. ಮೊನ್ನೆ ಮಧುಗಿರಿಯಲ್ಲಿ ಕೊರಟಗೆರೆ ಕಡೆಯ ಬಸ್ಸು ಹತ್ತಿ, ಆಧಾರ್ ತೋರಿಸಲು ಬ್ಯಾಗಿಗೆ ಕೈ ಹಾಕಿದವಳು ಗಡಿಬಿಡಿಯಲ್ಲಿ ಕುಡುಗೋಲನ್ನೇ ತೆಗೆದು ಕಂಡಕ್ಟರಿನ ಮೂಗಿನ ಮುಂದೆ ಹಿಡಿದುಬಿಟ್ಟೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, "ಹೆಂಗಸ್ರಿಗೆ ಟಿಕೆಟ್ ಫ್ರೀನೇ ಐತೆ ಮೇಡಂ, ಹೆದರ್ಸೋ ಅಂಥದ್ದೇನಿಲ್ಲ" ಅಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಪಕ್ಕದ ಸೀಟಿನ ಹೆಂಗಸು ಮಾತ್ರ ನಗದೆ, ಹಸು ಎಷ್ಟು ಕಟ್ಟಿದ್ದೀರಿ ಎಂದು ವಿಚಾರಿಸಿದಳು. ಒಂದೂ ಇಲ್ಲ ಎಂದೆ. ಮತ್ತೆ ಹುಲ್ಲು ಯಾರಿಗೆ ಎಂದಳು. ಯಾರಿಗೂ ಇಲ್ಲ, ಬೆಟ್ಟದ ಮೇಲೆ ಕೊಯ್ದು ಅಲ್ಲೇ ಆಚೆಗೆ ಹಾಕಿ ಬರುತ್ತೇನೆ ಎಂದೆ. ಆಮೇಲೆ ಆಕೆ ಇಳಿಯುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಆಕೆಯ ತಪ್ಪೇನೂ ಇಲ್ಲ. ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಹೆಂಗಸು, ಮಂಡಿಗೆ ಬೆಲ್ಟು ಹಾಕಿಕೊಂಡು ಬೆಟ್ಟ ಹತ್ತಿ ಮೇಕೆಗಳು ಮಾಡಬೇಕಾದ ಕೆಲಸವನ್ನು ತಾನು ಮಾಡಿ ಇಳಿಯುತ್ತಾಳೆ ಎಂದರೆ ನಾನಾಗಿದ್ದರೂ ಮುಖ ಆಚೆ ತಿರುಗಿಸುತ್ತಿದ್ದೆ. ಆದರೆ ನೀವು ಹಾಗಲ್ಲ, ಕೂತು ಕೇಳುವವರು. ಅದಕ್ಕೇ ನಿಮಗೆ ಹೇಳುತ್ತೇನೆ. ಎಲ್ಲ ಶುರುವಾದದ್ದು ಒಂದು ಹೂವಿನಿಂದ.

ನಮ್ಮ ಕಡೆ ಅದನ್ನು ಬೆಟ್ಟದ ಗೌರಿ ಎನ್ನುತ್ತಾರೆ. ಪುಸ್ತಕದವರು ನೆಲದಲ್ಲಿ ಬೆಳೆಯುವ ಆರ್ಕಿಡ್ ಎಂದು ಬರೆದು, ಮುಂದೆ ಉದ್ದದ ಲ್ಯಾಟಿನ್ ಹೆಸರು ಸೇರಿಸುತ್ತಾರೆ. ವರ್ಷದಲ್ಲಿ ಎಂಟು ತಿಂಗಳು ಅದು ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಮಣ್ಣಿನ ಕೆಳಗೆ ನೆಲ್ಲಿಕಾಯಿಗಿಂತ ಚಿಕ್ಕ ಗೆಡ್ಡೆಯಾಗಿ ಮಲಗಿರುತ್ತದೆ. ಆಷಾಢದ ಗಾಳಿ ನಿಂತು ನಾಲ್ಕು ಹನಿ ಬಿದ್ದ ಮೇಲೆ, ಬಂಡೆಯ ಮೇಲಿನ ಗೇಣು ದಪ್ಪದ ಮಣ್ಣಿನಲ್ಲಿ ನಾಲ್ಕು ದುಂಡನೆಯ ಎಲೆ ಬಿಡುತ್ತದೆ. ಆ ಎಲೆಗಳು ಮೇಲಕ್ಕೇಳುವುದೇ ಇಲ್ಲ, ಕಾವಲಿಯ ಮೇಲೆ ಹುಯ್ದ ದೋಸೆಯ ಹಾಗೆ ನೆಲಕ್ಕೆ ಅಂಟಿಕೊಂಡಿರುತ್ತವೆ. ಅವುಗಳ ನಡುವಿನಿಂದ ಒಂದೇ ಒಂದು ದಂಟು ಎದ್ದು, ಸರಿಯಾಗಿ ಗೌರಿ ಹಬ್ಬದ ಹೊತ್ತಿಗೆ ಮೈತುಂಬ ಬಿಳಿ ಹೂ. ವಾಸನೆಯನ್ನು ನಾನು ಬರೆದು ತಿಳಿಸಲಾರೆ. ಮಲ್ಲಿಗೆಯಷ್ಟು ಜೋರಲ್ಲ, ಸುಗಂಧರಾಜದಷ್ಟು ಮತ್ತೇರಿಸುವುದಿಲ್ಲ. ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಬೇಕು ಅನ್ನಿಸುತ್ತದೆ, ಅಷ್ಟು ಮಾತ್ರ ಹೇಳಬಲ್ಲೆ.

ನನಗೆ ಅದು ಮೊದಲು ಹತ್ತಿದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅಪ್ಪನಿಗೆ ಸಿರಾ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರ ಕೆಲಸ. ಅಲ್ಲಿ ನಾಲ್ಕನೆಯ ಕ್ಲಾಸಿನಿಂದಾಚೆಗೆ ಸ್ಕೂಲಿರಲಿಲ್ಲ. ಹಾಗಾಗಿ ನನ್ನನ್ನು ಅಪ್ಪನ ಅಕ್ಕ ಗಂಗತ್ತೆಯ ಮನೆಯಲ್ಲಿ ಬಿಟ್ಟರು. ಅದು ಚನ್ನರಾಯನದುರ್ಗದ ಕಡೆಯ ಒಂದು ಹಳ್ಳಿ. ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ಬೆಟ್ಟ. ಗಂಗತ್ತೆಗೆ ಆಗ ಮೂವತ್ತರ ಆಚೀಚೆ. ಜೋರುಬಾಯಿ. ನನ್ನನ್ನು ಬೈದು ಅಳಿಸುತ್ತಿದ್ದವಳೂ ಅವಳೇ, ಅಳುವಾಗ ಸೆರಗಿನ ಗಂಟಿನಿಂದ ಹುರಿಗಡಲೆ ಬಿಚ್ಚಿ ಕೊಡುತ್ತಿದ್ದವಳೂ ಅವಳೇ.

ಗೌರಿ ಹಬ್ಬದ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅತ್ತೆ ಮನೆಯಲ್ಲಿ ಇರುತ್ತಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಒಬ್ಬಳೇ ಬೆಟ್ಟ ಹತ್ತಿರುತ್ತಿದ್ದಳು. ಬಿಸಿಲೇರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಏನನ್ನೋ ಸುತ್ತಿಕೊಂಡು ಇಳಿಯುತ್ತಿದ್ದಳು. ಬಾಗಿನದ ಮೊರಗಳನ್ನು ನಡುಮನೆಯಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ಅಕ್ಕಿ, ಬೇಳೆ, ಬೆಲ್ಲದಚ್ಚು, ಬಳೆ, ಕರಿಮಣಿ, ರವಿಕೆ ಬಟ್ಟೆ ಎಲ್ಲ ಇದ್ದರೂ ಬೆಟ್ಟದ ಗೌರಿ ಬೀಳುವವರೆಗೆ ಮೊರ ಮುಚ್ಚುವ ಹಾಗಿಲ್ಲ. ಒಂದು ಮೊರಕ್ಕೆ ಒಂದೇ ದಂಟು. ಮಿಕ್ಕ ಹೂವನ್ನು ಬಿಡಿಬಿಡಿಯಾಗಿ ನಮ್ಮ ಜಡೆಗೆ ಒಂದೊಂದು ಸಿಕ್ಕಿಸುತ್ತಿದ್ದಳು. ನಾನು ಆ ದಿನವೆಲ್ಲ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಮೂಗಿಗೆ ಹಿಡಿದು ತಿರುಗುತ್ತಿದ್ದೆ. ಹಾಗೇ ನೋಡದೆ ತಿರುಗಿ ಒಮ್ಮೆ ಕಲಗಚ್ಚಿನ ಬಾನಿಗೂ ಬಿದ್ದೆ.

ಹೂವಿನ ಜಾಗ ಮಾತ್ರ ಯಾರೂ ಯಾರಿಗೂ ಹೇಳಬಾರದು. ಇದು ಆ ಬೆಟ್ಟದ ಸುತ್ತಿನ ಊರುಗಳ ಕಟ್ಟಲೆ. ಒಂದೊಂದು ಮನೆಗೆ ಒಂದೊಂದು ಜಾಗ. ಮನೆಯ ಒಬ್ಬ ಹೆಂಗಸಿಗೆ ಅದು ಗೊತ್ತು, ಅವಳು ತನ್ನ ಕಾಲ ಮುಗಿಯುತ್ತ ಬಂತು ಅನ್ನಿಸಿದಾಗ ಇನ್ನೊಬ್ಬಳಿಗೆ ಹೇಳುತ್ತಾಳೆ, ಅಷ್ಟೆ. ನಾನೂ ಅತ್ತೆಯ ಮಗನೂ ಒಂದು ವರ್ಷ ಕದ್ದು ಅವಳ ಹಿಂದೆ ಹೋದೆವು. ಅವಳಿಗೆ ಅದು ಯಾವಾಗ ಗೊತ್ತಾಯಿತೋ, ಒಂದು ಮಾತೂ ಆಡದೆ ನಮ್ಮನ್ನು ಬೆಟ್ಟದ ಬುಡದಲ್ಲಿ ಸುತ್ತಿಸಿ ಸುತ್ತಿಸಿ ಕೊನೆಗೆ ನಮ್ಮ ಮನೆಯ ಹಿತ್ತಿಲಿಗೇ ತಂದು ನಿಲ್ಲಿಸಿ, "ಬಂದ್ರಾ, ಈಗ ಸಗಣಿ ಬಾಚಿ" ಎಂದು ಬುಟ್ಟಿ ಕೈಗೆ ಕೊಟ್ಟು ತಾನು ಮತ್ತೆ ಬೆಟ್ಟಕ್ಕೆ ಹೋದಳು. ಅಂಥ ಗುಟ್ಟು.

ಈ ಗುಟ್ಟಿನಿಂದ ಒಳ್ಳೆಯದೂ ಆಯಿತು ಅನ್ನಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಡ್ಡೆ ಕೊಳ್ಳುವವರು ಈ ಕಡೆಯ ಬೆಟ್ಟಗಳಿಗೆಲ್ಲ ಬಂದರು. ಯಾವ ಔಷಧಿಗೋ, ಯಾವ ಊರಿಗೋ, ಯಾರಿಗೂ ಗೊತ್ತಿಲ್ಲ. ಮಿಡಿಗೇಶಿ ಕಡೆ ಚೀಲಗಟ್ಟಲೆ ಅಗೆದರಂತೆ. ನಮ್ಮ ಬೆಟ್ಟದಲ್ಲಿ ಹೂವಿದ್ದ ಜಾಗ ಹೇಳುವವರು ಸಿಗದೆ ಅವರು ಬರಿಗೈಲಿ ಹೋದರು. ಆಮೇಲೆ ಪಕ್ಕದ ಗುಡ್ಡಕ್ಕೆ ಕಲ್ಲುಕ್ವಾರಿ ಬಂತು. ಅಲ್ಲಿ ಮೂರು ಮನೆಯವರ ಹೂವಿನ ಜಾಗಗಳಿದ್ದವು. ಗುಟ್ಟು ಕಾದ ಹೆಂಗಸರು ಮನೆಯಲ್ಲೇ ಕೂತು ಸಿಡಿಮದ್ದಿನ ಸದ್ದು ಕೇಳಿದರು. ಈಗ ಆ ಗುಡ್ಡದ ಅರ್ಧ ಭಾಗ ಜಲ್ಲಿಯಾಗಿ ಯಾವ ಯಾವುದೋ ರಸ್ತೆಯ ಕೆಳಗಿದೆ. ಆ ಮೂರು ಮನೆಯವರು ಬಾಗಿನಕ್ಕೆ ಸೇವಂತಿಗೆ ಹಾಕುತ್ತಾರೆ. ಹೀಗೆ ಒಂದೊಂದೇ ಕಡಿಮೆಯಾಗಿ, ಉಳಿದದ್ದು ನಮ್ಮ ಗಂಗತ್ತೆಯ ಜಾಗ ಒಂದೇ ಎಂದು ಊರಲ್ಲಿ ಮಾತಿತ್ತು.

ನಾನು ನಿವೃತ್ತಳಾದ ವರ್ಷ ಗಂಗತ್ತೆಯ ಮಂಡಿ ಕೈಕೊಟ್ಟಿತು. ಅವಳಿಗೆ ಆಗ ಎಂಬತ್ತು ಮುಟ್ಟಿತ್ತು. ಸೊಸೆ ಮಂಜುಳ ಪಾವಗಡದ ಕಡೆಯವಳು, ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಕೋಪ ಬಂದರೆ ತೆಲುಗಿನಲ್ಲಿ ಗೊಣಗುತ್ತಾಳೆ, ಅಷ್ಟು ಬಿಟ್ಟರೆ ಬಂಗಾರದಂಥವಳು. ಆದರೆ ಬೆಟ್ಟ ಎಂದರೆ ಅವಳಿಗೆ ಆಗದು. ಮಾರ್ಕೆಟ್ಟಿನಲ್ಲಿ ಅಷ್ಟೊಂದು ಹೂ ಸಿಗುವಾಗ ಕಾಲು ಮುರಿದುಕೊಳ್ಳುವುದು ಯಾಕೆ ಎನ್ನುವುದು ಅವಳ ವಾದ. ಹಾಗಾಗಿ ಅತ್ತೆ ನನಗೆ ಹೇಳಿಕಳಿಸಿದಳು.

ನಾನು ಹೋದಾಗ ಮಂಜುಳಳನ್ನು ಏನೋ ನೆಪ ಹೇಳಿ ಅಂಗಡಿಗೆ ಕಳಿಸಿ, ಕದ ಮುಂದೆ ಮಾಡಿ, ಒಂದು ಮೊರದ ತುಂಬ ರಾಗಿ ಹರಡಿಕೊಂಡು ಕೂತಳು. ಬಾಯಲ್ಲಿ ಹೇಳಲು ಬರುವುದಿಲ್ಲವಂತೆ, ಕಾಲಿಗೆ ಮಾತ್ರ ಗೊತ್ತಂತೆ. ರಾಗಿಯ ಮೇಲೆ ಒಣಮೆಣಸಿನಕಾಯಿ ಇಟ್ಟು ಇದು ಕೋಟೆ ಗೋಡೆ ಎಂದಳು. ಬೆಳ್ಳುಳ್ಳಿ ಗಡ್ಡೆ ಆನೆಬಂಡೆ. ಹುಣಿಸೆಹಣ್ಣಿನ ಉಂಡೆ ನೀರು ನಿಲ್ಲುವ ದೊಣೆ. ಅದರ ಬಲಕ್ಕೆ ಬೆರಳಿನಲ್ಲಿ ಒಂದು ಗೆರೆ ಎಳೆದು, ಗೆರೆಯ ಕೊನೆಗೆ ಒಂದು ಏಲಕ್ಕಿ ಇಟ್ಟಳು. ಏಲಕ್ಕಿಯೇ ನಮ್ಮ ಹೂವಿನ ಜಾಗ. ದಂಟನ್ನು ಉಗುರಿನಲ್ಲಿ ಚಿವುಟಬೇಕು, ಎಳೆಯಬಾರದು. ನಾಲ್ಕಿದ್ದರೆ ಒಂದು ಚಿವುಟಿ ಮೂರು ಬಿಡಬೇಕು. ಇಷ್ಟು ಹೇಳಿ ರಾಗಿಯನ್ನು ಕಲಸಿಬಿಟ್ಟಳು. ಆಮೇಲೆ ಏಲಕ್ಕಿಯನ್ನು ಆರಿಸಿ ಟೀಗೆ ಹಾಕಿದಳು.

ಆ ವರ್ಷದ ಹಬ್ಬಕ್ಕೆ ನಾನೇ ಹತ್ತಿದೆ. ದೊಣೆ ದಾಟಿ ಬಲಕ್ಕೆ ತಿರುಗಿದರೆ, ಹಾಸುಬಂಡೆಯ ನಡುವಿನ ಹತ್ತು ಮಾರು ಮಣ್ಣಿನಲ್ಲಿ, ಗಿಡ್ಡನೆಯ ಹುಲ್ಲಿನ ಮೇಲೆ ಇಪ್ಪತ್ತೇಳು ದಂಟು ಬಿಳಿ ಹೂ. ಎಣಿಸಿದೆ, ಮೇಷ್ಟ್ರ ಮಗಳಲ್ಲವೆ. ಐವತ್ತು ವರ್ಷ ಜಡೆಗೆ ಬಂದಷ್ಟು ಮಾತ್ರ ಕಂಡಿದ್ದ ಹೂವನ್ನು ಅದರ ಮನೆಯಲ್ಲೇ ನೋಡಿದ್ದು ಅದೇ ಮೊದಲು. ಸುತ್ತಲೂ ನಾಲ್ಕೈದು ಕಡೆ ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟಿದ್ದು ಕಂಡಿತು. ಬೆಟ್ಟಕ್ಕೆ ಟ್ರೆಕ್ಕಿಂಗ್ ಎಂದು ಬರುವ ಹುಡುಗರು ಹೀಗೆ ಕಲ್ಲು ಜೋಡಿಸಿ ಫೋಟೋ ತೆಗೆದುಕೊಳ್ಳುವುದನ್ನು ನೋಡಿದ್ದೆ. ಇಲ್ಲಿಯವರೆಗೂ ಬಂದುಬಿಟ್ಟರಲ್ಲ ಎಂದು ಸಿಟ್ಟು ಬಂದು ಎಲ್ಲವನ್ನೂ ಕಾಲಿನಿಂದ ಉರುಳಿಸಿದೆ. ಕ್ಲೀನ್ ಮಾಡಿದೆ ಎಂದುಕೊಂಡೆ.

ನಿವೃತ್ತರಿಗೆ ಮಾಡಲು ಕೆಲಸವಿರುವುದಿಲ್ಲ, ಊರು ಉದ್ಧಾರ ಮಾಡುವ ಹುಮ್ಮಸ್ಸು ಮಾತ್ರ ಇರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಸುಮ್ಮನೆ ಜಾಗ ನೋಡಿ ಬರೋಣ ಎಂದು ಮತ್ತೆ ಹತ್ತಿದೆ. ನೋಡಿದರೆ ನಮ್ಮ ಗೌರಿಯ ನೆಲದ ಮೇಲೆ ನಲವತ್ತು ಮೇಕೆ. ಹುಲ್ಲನ್ನು ಕರಕರ ಕತ್ತರಿಸುತ್ತಿವೆ, ಹಿಕ್ಕೆ ಉದುರಿಸುತ್ತಿವೆ, ಗೊರಸಿನಲ್ಲಿ ಮಣ್ಣು ಕೆರೆಯುತ್ತಿವೆ. ಬಂಡೆಯ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಕ್ಯಾತಣ್ಣ ಕೂತಿದ್ದ. ಕ್ಯಾತಣ್ಣ ಊರಾಚೆಯ ಹಟ್ಟಿಯವನು, ಅವನ ಅಪ್ಪನ ಕಾಲದಿಂದಲೂ ಆ ಬೆಟ್ಟದಲ್ಲಿ ಮೇಕೆ ಮೇಯಿಸುವವರು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು ಇರಬಹುದು.

ನಾನು ಅವನಿಗೆ ಪಾಠ ಮಾಡಿದೆ. ಅಕ್ಷರಶಃ ಪಾಠ. ಅಪರೂಪದ ಸಸ್ಯ, ಇಲ್ಲಿಯೇ ಹುಟ್ಟಿದ್ದು, ಅಳಿದುಹೋದರೆ ಮತ್ತೆ ಬಾರದು, ನಿಮ್ಮ ಮೇಕೆಗಳಿಂದ ಹಾಳಾಗುತ್ತಿದೆ ಎಂದೆಲ್ಲ, ನಡುನಡುವೆ ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿದೆ. ಅವನು ಎದ್ದು ನಿಂತು ಕೇಳಿದ. ಮಧ್ಯೆ ಒಂದು ಸಲ ಬಾಯಿ ತೆರೆಯಲು ನೋಡಿದ, ನಾನು ಕೈಯೆತ್ತಿ ನಿಲ್ಲಿಸಿದೆ. ಕೊನೆಗೆ "ಆಯ್ತು ಬುಡಿ ಮೇಡಮ್ಮೋರೆ" ಎಂದು ಮೇಕೆ ಹೊಡೆದುಕೊಂಡು ಹೋದ. ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಊರಿನ ಹಿರಿಯರನ್ನು ಕೂಡಿಸಿ ಬೆಟ್ಟದ ಆ ಮಗ್ಗುಲಿಗೆ ಮೇಕೆ ಬಿಡಬಾರದೆಂದು ಒಪ್ಪಿಸಿದೆ. ಇಬ್ಬರು ಆಳು ಹಿಡಿದು ಜಾಲಿಮುಳ್ಳಿನ ಬೇಲಿ ಹಾಕಿಸಿದೆ. ಒಳಗೆ ಏನಿದೆ, ಬೇಲಿ ಯಾಕೆ ಎಂದು ಆಳುಗಳಿಗೂ ಹೇಳಲಿಲ್ಲ, ಗುಟ್ಟು ನೋಡಿ. ಯುಗಾದಿಯ ಹೊತ್ತಿಗೆ ಕೆಲಸ ಮುಗಿದಿತ್ತು. ಅತ್ತೆಗೆ ಹಬ್ಬದ ದಿನ ಹೇಳಿ ಬೆರಗು ಮಾಡೋಣ ಎಂದುಕೊಂಡು ಸುಮ್ಮನಿದ್ದೆ, ಮಂಡಿನೋವಿನಿಂದ ಮನೆ ಬಿಟ್ಟು ಹೊರಡದ ಅವಳ ಕಿವಿಗೆ ಹಾಕಬೇಡಿ ಎಂದು ಊರವರಿಗೂ ಹೇಳಿದ್ದೆ.

ಮುಂದಿನ ಗೌರಿ ಹಬ್ಬಕ್ಕೆ ಬೇಲಿಯೊಳಗೆ ಹುಲ್ಲು ಮೊಳಕಾಲಿಗೆ ಬಂದಿತ್ತು. ಅದರೊಳಗೆ ಹುಡುಕಿ ಹುಡುಕಿ ಆರು ದಂಟು ಸಿಕ್ಕವು. ಬಡಕಲು, ಬಿಸಿಲಿಗಾಗಿ ಕತ್ತು ಚಾಚಿದ್ದವು. ಮಳೆ ಸರಿಯಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡು ಒಂದನ್ನು ಚಿವುಟಿ ತಂದೆ. ಬೇಲಿಯ ಮಾತು ಎತ್ತಲು ಯಾಕೋ ಮನಸ್ಸು ಬರಲಿಲ್ಲ. ಅದರ ಮುಂದಿನ ವರ್ಷ ಮಳೆ ಚೆನ್ನಾಗಿ ಹುಯ್ದಿತ್ತು. ಹುಲ್ಲು ಸೊಂಟ ಮುಟ್ಟಿತ್ತು. ಬೇಲಿಯ ಆಸರೆಯಲ್ಲಿ ಲಂಟಾನ ಪೊದೆ ಬೇರೆ ಎದ್ದಿತ್ತು. ಬಗ್ಗಿ, ಕೂತು, ಕೊನೆಗೆ ಮೊಣಕಾಲೂರಿ ಹುಲ್ಲು ಬಿಡಿಸಿ ಬಿಡಿಸಿ ನೋಡಿದೆ. ಒಂದು ಎಲೆಯೂ ಇಲ್ಲ. ಕೈಯೆಲ್ಲ ಗೀರಿ ರಕ್ತ ಬಂದಿತ್ತು, ಅದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ ಕೂತ ಮೇಲೆ. ಅವತ್ತು ನಾನು ಅತ್ತೆಯ ಮನೆಗೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ. ತಲೆನೋವು ಎಂದು ಫೋನ್ ಮಾಡಿದೆ.

ಎರಡು ದಿನ ಕಳೆದು ಹೋಗಿ ಎಲ್ಲ ಒಪ್ಪಿಸಿದೆ. ಅತ್ತೆ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಬೇಲಿಯ ಮಾತು ಬಂದಾಗ ಅವಳ ಕೈ ನಿಂತಿತು.

"ಮೇಕೆ ಬುಡ್ಬ್ಯಾಡ ಅಂದ್ಯಾ?"

ಹೌದು ಎಂದೆ.

"ಕಲ್ಲು ಪೇರ್ಸಿರ್ತಾನಲ್ಲ, ಅದನ್ನ ನೋಡ್ಲಿಲ್ವೇನೇ?"

ಆಗ ನನಗೆ ಗೊತ್ತಾದ ಸಂಗತಿ ಇದು. ಆಷಾಢ ಕಳೆದು ಮೊದಲ ಎಲೆ ಕಂಡ ದಿನ ಕ್ಯಾತಣ್ಣ ಆ ನೆಲದ ಸುತ್ತ ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದ. ಅದು ಕಂಡರೆ ಹಟ್ಟಿಯ ಯಾರೂ ಆ ಕಡೆ ಮೇಕೆ ಬಿಡುವುದಿಲ್ಲ. ಹೂವಾಗಿ, ಕಾಯಿ ಒಡೆದು, ಧೂಳಿನಂಥ ಬೀಜ ಗಾಳಿಗೆ ಹಾರಿದ ಮೇಲೆ ಅವನೇ ಕಲ್ಲು ಇಳಿಸುತ್ತಿದ್ದ. ಮಿಕ್ಕ ದಿನಗಳಲ್ಲಿ ಮೇಕೆಗಳು ಹುಲ್ಲನ್ನು ನೆಲಮಟ್ಟ ಮಾಡುತ್ತಿದ್ದವು. ಅದರಿಂದಲೇ ಆ ದೋಸೆಯಂಥ ಎಲೆಗಳಿಗೆ ಬಿಸಿಲು ಸಿಗುತ್ತಿತ್ತು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಹೆಂಗಸರು ಪ್ರಾಣದಂತೆ ಕಾದ ಗುಟ್ಟು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ನಮ್ಮ ಮನೆಯದು ಮಾತ್ರವಲ್ಲ, ಬೆಟ್ಟದ ಎಲ್ಲ ಮನೆಯವರದೂ.

ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಅತ್ತೆಯ ಮೇಲೆ ರೇಗಿದೆ. ಮಾಡಿದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

"ಹೂವಿನ ಇಚಾರ ನಂದು, ನಿಂಗೆ ಹೇಳ್ದೆ. ಮೇಕೆ ಇಚಾರ ಕ್ಯಾತಣ್ಣಂದು" ಅಂದಳು ಅತ್ತೆ. "ಮೇಕೆ ಹುಲ್ಲು ಮೇಯ್ತದೆ ಅನ್ನೋದನ್ನೂ ಓದ್ದೋರ್ಗೆ ಹೇಳ್ಕೊಡ್ಬೇಕಾ?"

ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಸೂರ್ಯ, ಎಲೆ, ಬಾಣದ ಗುರುತು ಬರೆದು ಗಿಡಕ್ಕೆ ಬೆಳಕು ಬೇಕೇ ಬೇಕು ಎಂದು ಮಕ್ಕಳ ಕೈಲಿ ಹತ್ತು ಸಲ ಹೇಳಿಸಿದವಳು ನಾನು. ಹೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ ಕೂಡ.

ಮಾರನೆಯ ದಿನವೇ ಹಟ್ಟಿಗೆ ಹೋದೆ. ಕ್ಯಾತಣ್ಣ ಇರಲಿಲ್ಲ. ಬೆಟ್ಟದ ಆ ಮಗ್ಗುಲಲ್ಲೇ ಒಳ್ಳೆಯ ಮೇವಿದ್ದದ್ದು, ಅದು ತಪ್ಪಿದ ಮೇಲೆ ಒಂದು ಬೇಸಿಗೆ ಹೇಗೋ ತಳ್ಳಿದನಂತೆ. ಆಮೇಲೆ ಅಕ್ಕಿರಾಂಪುರದ ಸಂತೆಗೆ ಮೇಕೆಗಳನ್ನು ಹೊಡೆದುಕೊಂಡು ಹೋಗಿ ಎಲ್ಲವನ್ನೂ ಮಾರಿ, ಪಾವಗಡದ ಕಡೆ ಮಗಳ ಮನೆಗೆ ಹೋದನಂತೆ. ಅವನ ತಮ್ಮನ ಹೆಂಡತಿ ಇದನ್ನು ಯಾವ ಸಿಟ್ಟೂ ಇಲ್ಲದೆ ಹೇಳಿ, ಕುಡಿಯಲು ಮಜ್ಜಿಗೆ ಕೊಟ್ಟಳು. ಹೂವನ್ನು ಉಳಿಸಲು ಹೊರಟವಳು ಹೂವನ್ನೂ ಕಳೆದೆ, ಅದನ್ನು ಕಾಯುತ್ತಿದ್ದವನನ್ನೂ ಬೆಟ್ಟದಿಂದ ಇಳಿಸಿದೆ. ಕ್ವಾರಿಯವರಾದರೂ ಮದ್ದು ಇಡುವ ಮುಂಚೆ ಸೀಟಿ ಊದುತ್ತಿದ್ದರು.

ಪಾವಗಡದ ಆಚೆ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. ಅವುಗಳ ನಡುವಿನ ದಾರಿಯಲ್ಲಿ ಕ್ಯಾತಣ್ಣ ಸಿಕ್ಕಿದ. ತಲೆಗೆ ಟೋಪಿ, ಮೈಮೇಲೆ ಹೊಳೆಯುವ ಪಟ್ಟಿಯ ಜಾಕೀಟು, ಕೈಯಲ್ಲಿ ಕುಡುಗೋಲು. ಹಲಗೆಗಳ ಮೇಲೆ ನೆರಳು ಬೀಳದ ಹಾಗೆ ಹುಲ್ಲು ಕೊಯ್ಯುವುದು ಅವನ ಕೆಲಸ. ಬಿಸಿಲು ಎಲ್ಲಿ ಬೀಳಬೇಕೋ ಅಲ್ಲಿ ಬೀಳುವ ಹಾಗೆ ನೋಡಿಕೊಳ್ಳುವುದು. ಇಷ್ಟು ವರ್ಷ ಮೇಕೆಗಳ ಕೈಲಿ ಮಾಡಿಸುತ್ತಿದ್ದ ಕೆಲಸವನ್ನು ಈಗ ತಾನೇ ಮಾಡುತ್ತಿದ್ದ.

ನಾನು ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಬರುವಾಗ ಏನೇನೋ ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದದ್ದು ಇಷ್ಟೇ. ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಅವತ್ತು ನೀವು ಕೇಳಿದ್ರೆ ಹೇಳ್ತಿದ್ದೆ ಮೇಡಮ್ಮೋರೆ" ಅಂದ. "ನೀವು ಕೇಳ್ಲಿಲ್ಲ, ಹೇಳಿದ್ರಿ."

ಬಂದುಬಿಡಿ, ಬೇಲಿ ಕೀಳಿಸುತ್ತೇನೆ, ಊರವರಿಗೆ ನಾನೇ ಹೇಳುತ್ತೇನೆ ಎಂದೆಲ್ಲ ಬೇಡಿಕೊಂಡೆ. ಅವನು ತಲೆಯಾಡಿಸಿದ. ಮೇಕೆ ಎಂದರೆ ಸಂತೆಯಿಂದ ತಂದು ಬಿಟ್ಟರೆ ಆಗುವುದಿಲ್ಲ, ಆ ಬೆಟ್ಟದಲ್ಲೇ ಹುಟ್ಟಿ ಆ ಬಂಡೆಗಳ ದಾರಿ ಕಲಿತ ಮೇಕೆಯಾಗಬೇಕು, ಅದಕ್ಕೆ ಇನ್ನು ತನಗೆ ಕಾಲಿಲ್ಲ ಎಂದ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಹೊರಡುವಾಗ ಅವನೇ ಕೂಗಿ ನಿಲ್ಲಿಸಿ, ನೆಲದಲ್ಲಿ ಗೆಡ್ಡೆ ಸತ್ತಿರಲಿಕ್ಕಿಲ್ಲ, ಬಿಸಿಲು ಕಾಣದೆ ಮಲಗಿರಬಹುದು ಎಂದ. ಹುಲ್ಲು ಕೊಯ್ಯುವುದನ್ನು ತೋರಿಸಿಕೊಟ್ಟ. ಬುಡಕ್ಕೆ ಕೈ ಹಾಕಬಾರದು, ಬೇರು ಅಲುಗಬಾರದು. ಮೇಕೆ ಒಂದೇ ಕಡೆ ನಿಂತು ಮೇಯುವುದಿಲ್ಲ, ಅರ್ಧ ಕಚ್ಚಿ ಮುಂದೆ ಹೋಗುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ಹಾಗೇ ಕೊಯ್ಯಬೇಕು. ನಾನು ಕೊಯ್ದು ತೋರಿಸಿದೆ. ಅದನ್ನು ನೋಡಿ ಅವನು ಮೊದಲ ಸಲ ನಕ್ಕ. ಇದು ಮೇಕೆ ಮೇಯ್ದ ಹಾಗಿಲ್ಲ, ಎಮ್ಮೆ ಹಾಯ್ದ ಹಾಗಿದೆ ಎಂದ.

ಅಂದಿನಿಂದ ನಾನು ಮೇಕೆಯಾಗಿದ್ದೇನೆ. ಬೇಲಿ ಕೀಳಿಸಿದೆ, ಲಂಟಾನ ಬುಡಸಹಿತ ತೆಗೆಸಿದೆ. ವಾರಕ್ಕೊಮ್ಮೆ ಮಧುಗಿರಿಯಿಂದ ಬಸ್ಸು ಹತ್ತಿ ಹೋಗುತ್ತೇನೆ. ಬಗ್ಗಿ ನಾಲ್ಕು ಹಿಡಿ, ಎದ್ದು ಸೊಂಟಕ್ಕೆ ಎರಡು ಗುದ್ದು, ಮತ್ತೆ ನಾಲ್ಕು ಹಿಡಿ. ನಲವತ್ತು ಮೇಕೆ ಒಂದು ಗಳಿಗೆಯಲ್ಲಿ ಮುಗಿಸುತ್ತಿದ್ದದ್ದು ನನಗೆ ಮೂರು ವಾರದ ಕೆಲಸ. ಆಷಾಢ ಕಳೆದ ಮೇಲೆ ಕಲ್ಲಿನ ಮೇಲೆ ಕಲ್ಲು ಇಡುತ್ತೇನೆ, ತಡೆಯಲು ಮೇಕೆ ಇಲ್ಲದಿದ್ದರೂ. ಹಿಕ್ಕೆಯ ಗೊಬ್ಬರ ಬೇಕಲ್ಲ ಎಂದು ಹಟ್ಟಿಯಲ್ಲಿ ಕಟ್ಟಿ ಸಾಕುವ ನಾಲ್ಕಾರು ಮೇಕೆಗಳದು ಒಂದು ಚೀಲ ಹೊತ್ತೊಯ್ದದ್ದೂ ಉಂಟು. ಅದನ್ನು ಉದುರಿಸುತ್ತಿರುವಾಗ ಟ್ರೆಕ್ಕಿಂಗ್ ಹುಡುಗರು ನೋಡಿ ಏನು ಪೂಜೆ ಎಂದು ಕೇಳಿದರು. ಪ್ರಾಯಶ್ಚಿತ್ತ ಎಂದೆ.

ಮೊದಲ ವರ್ಷ ಏನೂ ಬರಲಿಲ್ಲ. ಹಬ್ಬದ ದಿನ ಬರಿ ಒದ್ದೆ ಬಟ್ಟೆ ಹಿಡಿದು ಇಳಿದೆ. ಅತ್ತೆ ಬಾಗಿಲಲ್ಲೇ ಕೂತಿದ್ದಳು. ನನ್ನ ಕೈ ನೋಡಿದಳು. ಮಂಜುಳ ಸೇವಂತಿಗೆ ತಂದಿಟ್ಟಿದ್ದಳು. ಅತ್ತೆ ಮೊರಗಳಿಗೆ ಅದನ್ನು ಹಾಕಲು ಬಿಡದೆ ಹಾಗೇ ಮುಚ್ಚಿಸಿದಳು. ಆ ವರ್ಷವೆಲ್ಲ ನನಗೆ ಒಂದೇ ಯೋಚನೆ. ಹೂ ಯಾವತ್ತಾದರೂ ಬಂದೀತು, ನಾನಿಲ್ಲದಿದ್ದರೂ ಬಂದೀತು. ಆದರೆ ಗಂಗತ್ತೆ ಇರುವಾಗ ಬರಬೇಕು. ಅರವತ್ತು ವರ್ಷ ಉಗುರಿನಲ್ಲಿ ಚಿವುಟಿ ತಂದು ನಮಗೆಲ್ಲ ಮುಡಿಸಿದವಳು, ನನ್ನ ಬುದ್ಧಿವಂತಿಕೆಯಿಂದಾಗಿ ಅದನ್ನು ಇನ್ನೊಮ್ಮೆ ಮೂಸದೆ ಹೋಗಬಾರದು. ಇದೊಂದನ್ನೇ ನಾನು ಹಗಲೂ ರಾತ್ರಿ ಬೇಡಿದ್ದು.

ಈ ವರ್ಷ ಹಬ್ಬದ ಬೆಳಿಗ್ಗೆ ಹತ್ತಿದೆ. ಮೋಡ ಮುಚ್ಚಿತ್ತು, ಬಂಡೆ ಒದ್ದೆಯಾಗಿ ಜಾರುತ್ತಿತ್ತು. ದೊಣೆ ದಾಟಿ ಬಲಕ್ಕೆ ತಿರುಗಿ ಒಂದು ತುದಿಯಿಂದ ನೋಡುತ್ತ ಬಂದೆ. ನಡುವಿನ ಕಲ್ಲಿನ ಹತ್ತಿರ, ಕೊಯ್ದ ಹುಲ್ಲಿನ ಮಧ್ಯೆ, ನೆಲಕ್ಕೆ ಅಂಟಿಕೊಂಡು ದುಂಡನೆಯ ಎರಡು ಎಲೆ. ದಂಟಿಲ್ಲ, ಮೊಗ್ಗಿಲ್ಲ. ಎರಡೇ ಎಲೆ. ನಾನು ಅಲ್ಲೇ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಇಳಿದು ಬಂದಾಗ ನಡುಮನೆ ತುಂಬ ಜನ. ಬಾಗಿನಕ್ಕೆ ಬಂದ ಹೆಣ್ಣುಮಕ್ಕಳು, ಅಕ್ಕಪಕ್ಕದವರು. ಗಂಗತ್ತೆ ಗೋಡೆಗೆ ಒರಗಿ ಕೂತಿದ್ದಳು. ನಾನು ಹತ್ತಿರ ಕೂತು ಕಿವಿಯಲ್ಲಿ ಹೇಳಿದೆ, ಎರಡು ಎಲೆ ಬಂದಿದೆ ಅತ್ತೆ, ಹೂವಿಲ್ಲ ಎಂದು.

"ಎಲೆ ನೆಲ ಕಚ್ಕಂಡಿತ್ತಾ, ಎದ್ದಿತ್ತಾ?"

ಕಚ್ಚಿಕೊಂಡಿತ್ತು ಎಂದೆ.

"ಅಂಗಾದ್ರೆ ಜೀವ ಐತೆ" ಅಂದಳು. ಆಮೇಲೆ ಅಡಿಗೆಮನೆಯಲ್ಲಿದ್ದ ಮಂಜುಳಳನ್ನು ಕೂಗಿ ಕರೆದು, ಅಷ್ಟು ಜನರ ಎದುರಿಗೆ, ಕೋಟೆ ಗೋಡೆಯಿಂದ ಆನೆಬಂಡೆ, ಆನೆಬಂಡೆಯಿಂದ ದೊಣೆ, ದೊಣೆಯಿಂದ ಬಲಕ್ಕೆ ಎಂದು ಜಾಗವನ್ನು ಹೇಳಿಬಿಟ್ಟಳು. ಕಲ್ಲು ಪೇರಿಸುವುದು, ಇಳಿಸುವುದು, ಹುಲ್ಲನ್ನು ಮೇಕೆ ಮೇಯ್ದ ಹಾಗೆ ಕೊಯ್ಯುವುದು, ಒಂದನ್ನೂ ಬಿಡಲಿಲ್ಲ. ನಾನು ಗಾಬರಿಯಾಗಿ ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು.

"ಜಾಗ ಮುಚ್ಚಿಟ್ಟೆ ಕಣೇ ಇಷ್ಟು ವರ್ಸ. ಅದನ್ನ ಹೆಂಗೆ ಬದುಕಿಸ್ಕಬೇಕು ಅಂತ ಒಬ್ರಿಗೂ ಹೇಳ್ಲಿಲ್ಲ. ನಂದೂ ತಪ್ಪೇ."

ಮಂಜುಳ ಕೈ ಒರೆಸಿಕೊಳ್ಳುತ್ತ, ಮುಂದಿನ ವಾರ ಎಷ್ಟು ಗಂಟೆಗೆ ಹೊರಡುತ್ತೀರಕ್ಕ ಎಂದು ನನ್ನನ್ನು ಕೇಳಿದಳು. ಜನವೆಲ್ಲ ಹೋದ ಮೇಲೆ, ನಾನು ಬಸ್ಸಿಗೆ ಹೊರಟಾಗ, ಗಂಗತ್ತೆ ಮತ್ತೆ ಹತ್ತಿರ ಕರೆದಳು. ಎಂಬತ್ತನಾಲ್ಕರ ಆ ಮುಖ ಎಲ್ಲರ ಎದುರು ಎಷ್ಟು ಗಟ್ಟಿಯಾಗಿತ್ತೋ ಈಗ ಅಷ್ಟೇ ಚಿಕ್ಕದಾಗಿ ಕಂಡಿತು.

"ಮತ್ತೆ ಹೋದಾಗ ಅದಕ್ಕೆ ಹೇಳು" ಅಂದಳು. "ಗಂಗಮ್ಮ ಕೇಳ್ತಿದ್ಲು ಅಂತ."

ಗಿಡಗಳಿಗೆ ಕಿವಿಯಿಲ್ಲ ಎಂದು ಪಾಠ ಮಾಡಿದವಳು ನಾನು. ಮರುವಾರ ಮಂಜುಳ ಲಂಟಾನದ ಚಿಗುರು ಕೀಳುತ್ತ ಆ ಕಡೆ ಹೋದಾಗ, ಎರಡು ಎಲೆಗಳ ಮುಂದೆ ಮಂಡಿಯೂರಿ, ಯಾರಿಗೂ ಕೇಳದ ಹಾಗೆ, ಹೇಳಿದೆ.